ತುರಿಕೆಗೆ ಸಿಕ್ಕಸಿಕ್ಕ ಕ್ರೀಮ್ ಹಚ್ಚಬೇಡಿ

ಗೋವಾದ ಕೊರ್ತಾಲಿಮ್, ಜುವಾರಿ ನದಿಯ ದಂಡೆ. ಮಳೆಗಾಲದಲ್ಲಿ ಇಲ್ಲಿ ಒಗೆದ ಬಟ್ಟೆಯೂ ಬೇಗ ಒಣಗದು. ದುಡಿಯಲು ಬಂದಿರುವ ನಮ್ಮ ಕನ್ನಡದ ಅಣ್ಣಂದಿರೇ, ಅಕ್ಕಂದಿರೇ, ತೊಡೆಸಂದಿಯಲ್ಲಿ ದುಂಡನೆಯ ಕಲೆ, ಕೆಂಪು ಅಂಚು, ರಾತ್ರಿಯಿಡೀ ತುರಿಕೆ ಇದೆಯೇ? ಶಿಲೀಂಧ್ರದಿಂದ ಬರುವ ಹುಳುಕಡ್ಡಿ ಇರಬಹುದು.

ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿದರೆ ತುರಿಕೆ ತಗ್ಗುತ್ತದೆ ನಿಜ. ಆದರೆ ಚರ್ಮದ ರಕ್ಷಣಾಶಕ್ತಿ ಕುಗ್ಗಿ, ಒಳಗೊಳಗೇ ಶಿಲೀಂಧ್ರ ಹರಡುತ್ತದೆ.

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು ಇಂಥ ಶಿಲೀಂಧ್ರ ಸೋಂಕಿನ 200 ರೋಗಿಗಳಿಗೆ ನಾಲ್ಕು ಬಗೆಯ ಮಾತ್ರೆಗಳಲ್ಲಿ ಒಂದೊಂದನ್ನು ಕೊಟ್ಟು ನೋಡಿದರು. ಫಲಿತಾಂಶ ಪ್ರಕಟವಾದದ್ದು 2020ರಲ್ಲಿ. ಎಂಟು ವಾರಕ್ಕೆ ಇಟ್ರಾಕೊನಜೋಲ್ ಪಡೆದವರಲ್ಲಿ ಶೇ 66ರಷ್ಟು ಮಂದಿ ಗುಣವಾದರು. ಬಹುಕಾಲ ನೆಚ್ಚಿಕೊಂಡಿದ್ದ ಟರ್ಬಿನಾಫಿನ್‌ನಿಂದ ಶೇ 28 ಮಾತ್ರ! ಇದು ಆತಂಕದ ಸಂಗತಿಯೇ.

ಯಾವ ಮಾತ್ರೆ, ಎಷ್ಟು ದಿನ ಎಂಬುದನ್ನು ಚರ್ಮವೈದ್ಯರೇ ಹೇಳಲಿ. ಟವೆಲ್ ಹಂಚಿಕೊಳ್ಳಬೇಡಿ. ಕೋಣೆಯ ಜೊತೆಗಾರರಿಗೂ ತುರಿಕೆಯಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.