ಬಡಾವಣೆಗಳ ಸುರಕ್ಷತೆ: ಅಪರಾಧದ ಅಂಕಿ-ಅಂಶಗಳನ್ನು ಅರಿಯುವ ಬಗೆ

ಉದ್ಯೋಗ, ವ್ಯಾಸಂಗ ಅಥವಾ ವ್ಯಾಪಾರದ ನಿಮಿತ್ತ ಮುಂಬಯಿ ಮಹಾನಗರಕ್ಕೆ ತೆರಳುವ ಕುಟುಂಬಗಳು ಮನೆ ಗೊತ್ತುಮಾಡುವ ಮುನ್ನ ಬಾಡಿಗೆ, ನೀರಿನ ಸೌಕರ್ಯ, ರೈಲು ನಿಲ್ದಾಣದ ದೂರ ಇವುಗಳನ್ನು ವಿಚಾರಿಸುತ್ತವೆ. ಜೊತೆಗೆ ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ, ಆ ಬಡಾವಣೆ ಸುರಕ್ಷಿತವೇ ಎಂಬುದು. ಇದಕ್ಕೆ ದೊರೆಯುವ ಉತ್ತರ ಬಹುಮಟ್ಟಿಗೆ ಬಂಧುಮಿತ್ರರ ಅಭಿಪ್ರಾಯವನ್ನೂ ಪತ್ರಿಕಾ ವಾರ್ತೆಗಳನ್ನೂ ಅವಲಂಬಿಸಿರುತ್ತದೆ. ಅಪರಾಧದ ಅಂಕಿ-ಅಂಶಗಳು ಇವೆರಡಕ್ಕಿಂತ ಭದ್ರವಾದ ಆಧಾರವೆಂಬುದು ನಿಜ. ಆದರೆ ಅವು ಏನನ್ನು ಎಣಿಸುತ್ತವೆ, ಏನನ್ನು ಬಿಟ್ಟುಬಿಡುತ್ತವೆ ಎಂಬುದನ್ನು ಅರಿಯದೆ ಬಳಸಿದಲ್ಲಿ ಅವೇ ದಾರಿ ತಪ್ಪಿಸುವ ಸಾಧ್ಯತೆಯುಂಟು.

ಅಂಕಿ-ಅಂಶಗಳ ಮೂಲ

ಅಪರಾಧದ ಎಣಿಕೆ ಆರಂಭವಾಗುವುದು ಪೊಲೀಸ್ ಠಾಣೆಯಲ್ಲಿ ದಾಖಲಾಗುವ ಪ್ರಥಮ ವರ್ತಮಾನ ವರದಿಯಿಂದ, ಅಂದರೆ ಎಫ್‌ಐಆರ್‌ನಿಂದ. ಹೀಗೆ ದಾಖಲಾದ ಪ್ರಕರಣಗಳ ವಿವರಗಳನ್ನು ರಾಜ್ಯಗಳಿಂದ ಪಡೆದು, 1986ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ‘ಕ್ರೈಮ್ ಇನ್ ಇಂಡಿಯಾ’ ಎಂಬ ವರದಿಯಲ್ಲಿ ಪ್ರಕಟಿಸುತ್ತದೆ. 1953ರಿಂದ ಹೊರಬರುತ್ತಿರುವ ಈ ವರದಿಯಲ್ಲಿ ಮುಂಬಯಿ, ಬೆಂಗಳೂರು ಮೊದಲಾದ ಮಹಾನಗರಗಳ ಅಂಕಿಗಳು ಪ್ರತ್ಯೇಕವಾಗಿ ದೊರೆಯುತ್ತವೆ. ಆದರೆ ಇಲ್ಲಿ ಮುಂಬಯಿಯ ಅಂಕಿ ಇಡೀ ನಗರಕ್ಕೆ ಸಂಬಂಧಿಸಿದ್ದು. ಮಾಟುಂಗ ಅಥವಾ ಮುಲುಂಡ್‌ನ ಸ್ಥಿತಿ ಅದರಿಂದ ತಿಳಿಯದು. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೂ ಅವುಗಳಲ್ಲಿ ಅತ್ಯಂತ ಗುರುತರವಾದ ಒಂದನ್ನು ಮಾತ್ರ ಎಣಿಕೆಗೆ ತೆಗೆದುಕೊಳ್ಳಲಾಗುತ್ತದೆ ಎಂಬುದೂ ಗಮನಾರ್ಹ.

ಎಲ್ಲೆ ಯಾವುದು?

ಜನರ ಮಾತಿನಲ್ಲಿ ‘ಮುಂಬಯಿ’ ಎನಿಸಿಕೊಳ್ಳುವ ಪ್ರದೇಶವೆಲ್ಲ ಮುಂಬಯಿ ಪೊಲೀಸ್ ಆಯುಕ್ತರ ವ್ಯಾಪ್ತಿಗೆ ಸೇರುವುದಿಲ್ಲ. ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ಡೊಂಬಿವಲಿ ಠಾಣೆ ಪೊಲೀಸ್ ಆಯುಕ್ತಾಲಯಕ್ಕೆ, ನೆರೂಲ್ ಮತ್ತು ವಾಶಿ ನವಿಮುಂಬಯಿ ಆಯುಕ್ತಾಲಯಕ್ಕೆ ಸೇರಿವೆ. ಮೀರಾ ರೋಡ್, ವಸಾಯಿ, ವಿರಾರ್‌ಗಳಿಗೆ 2020ರಲ್ಲಿ ಪ್ರತ್ಯೇಕ ಆಯುಕ್ತಾಲಯ ಸ್ಥಾಪನೆಯಾಯಿತು. ಆದುದರಿಂದ ಮುಂಬಯಿ ಪೊಲೀಸರ ಅಂಕಿಗಳನ್ನು ನೋಡಿ ಡೊಂಬಿವಲಿಯ ಸುರಕ್ಷತೆಯನ್ನು ನಿರ್ಣಯಿಸಲಾಗದು.

ಉಪನಗರ ರೈಲುಗಳಲ್ಲಿ ಮತ್ತು ನಿಲ್ದಾಣಗಳ ಆವರಣದಲ್ಲಿ ನಡೆಯುವ ಅಪರಾಧಗಳು ರೈಲ್ವೆ ಪೊಲೀಸರ ವ್ಯಾಪ್ತಿಗೆ ಒಳಪಡುತ್ತವೆ. ಕುರ್ಲಾ ನಿಲ್ದಾಣದ ಪ್ಲಾಟ್‌ಫಾರಂನಲ್ಲಿ ಜೇಬುಗಳ್ಳತನಕ್ಕೆ ಗುರಿಯಾದವರ ಪ್ರಕರಣ ಕುರ್ಲಾ ಬಡಾವಣೆಯ ಲೆಕ್ಕದಲ್ಲಿ ಕಾಣಿಸದು. ದಿನಕ್ಕೆರಡು ಬಾರಿ ರೈಲಿನಲ್ಲಿ ಸಂಚರಿಸುವವರಿಗೆ ವಾಸದ ಬೀದಿಯಷ್ಟೇ ನಿಲ್ದಾಣವೂ ಮುಖ್ಯವಾದುದರಿಂದ ಎರಡೂ ಲೆಕ್ಕಗಳನ್ನು ನೋಡುವುದು ಅಗತ್ಯ.

ಯಾವ ಜನಸಂಖ್ಯೆ?

ಪ್ರದೇಶಗಳನ್ನು ಹೋಲಿಸಲು ಪ್ರತಿ ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣಗಳು ಎಂಬ ಅಪರಾಧ ಪ್ರಮಾಣವನ್ನು ಬಳಸುವುದು ವಾಡಿಕೆ. 2011ರ ಜನಗಣತಿಯಂತೆ ಮುಂಬಯಿ ನಗರ ಮತ್ತು ಉಪನಗರ ಜಿಲ್ಲೆಗಳೆರಡರ ಒಟ್ಟು ಜನಸಂಖ್ಯೆ ಸುಮಾರು 124 ಲಕ್ಷ. ಠಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿಗಳನ್ನೂ ಒಳಗೊಂಡ ನಗರ ಸಮೂಹದ ಜನಸಂಖ್ಯೆ ಸುಮಾರು 184 ಲಕ್ಷ. ಅಷ್ಟೇ ಪ್ರಕರಣಗಳನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಪ್ರಮಾಣ, ಎರಡನೆಯದರಿಂದ ಭಾಗಿಸಿದಾಗ ಬರುವುದರ ಸುಮಾರು ಒಂದೂವರೆ ಪಟ್ಟು ಆಗುತ್ತದೆ.

ಬಡಾವಣೆಯ ಮಟ್ಟದಲ್ಲಿ ಈ ತೊಡಕು ಇನ್ನೂ ಹೆಚ್ಚು. ಕೋಟೆ, ಚರ್ಚ್‌ಗೇಟ್ ಪ್ರದೇಶಗಳಲ್ಲಿ ರಾತ್ರಿ ತಂಗುವವರು ಕೆಲವರೇ. ಹಗಲಿನಲ್ಲಿ ಕಚೇರಿಗಳಿಗೂ ಅಂಗಡಿಗಳಿಗೂ ಲಕ್ಷಾಂತರ ಜನ ಬಂದು ಹೋಗುತ್ತಾರೆ. ಅವರಿಗೆ ಆಗುವ ನಷ್ಟವನ್ನೆಲ್ಲ ಅಲ್ಲಿನ ನಿವಾಸಿಗಳ ಸಂಖ್ಯೆಯಿಂದ ಭಾಗಿಸಿದಲ್ಲಿ ಆ ಪ್ರದೇಶ ಇರುವುದಕ್ಕಿಂತ ಅಪಾಯಕಾರಿಯಾಗಿ ಕಾಣುತ್ತದೆ.

ಯಾವ ಬಗೆಯ ಅಪರಾಧ?

ಒಟ್ಟು ಸಂಖ್ಯೆ ಎಷ್ಟು ಮೋಸಗೊಳಿಸಬಲ್ಲದು ಎಂಬುದಕ್ಕೆ 2020ನೆಯ ವರ್ಷ ಉತ್ತಮ ನಿದರ್ಶನ. ಆ ವರ್ಷ ದೇಶದಲ್ಲಿ ದಾಖಲಾದ ಪ್ರಕರಣಗಳು ಹಿಂದಿನ ವರ್ಷಕ್ಕಿಂತ ಶೇಕಡಾ 28ರಷ್ಟು ಏರಿದವು. ಇದಕ್ಕೆ ಮುಖ್ಯ ಕಾರಣ ಲಾಕ್‌ಡೌನ್ ಕಾಲದ ಆದೇಶಗಳ ಉಲ್ಲಂಘನೆ. ಸರ್ಕಾರಿ ಆದೇಶ ಉಲ್ಲಂಘನೆಯ ಪ್ರಕರಣಗಳು 29,469ರಿಂದ 6,12,179ಕ್ಕೆ ಜಿಗಿದಿದ್ದವು. ಕಳವು, ಕನ್ನ, ಸುಲಿಗೆಯಂತಹ ಅಪರಾಧಗಳು ವಾಸ್ತವವಾಗಿ ಇಳಿಮುಖವಾಗಿದ್ದವು.

ಬೀದಿಯ ಸುರಕ್ಷತೆಯನ್ನು ಅರಿಯಬಯಸುವವರು ಸುಲಿಗೆ, ಸರಗಳ್ಳತನ, ಮನೆಗಳವು, ಹಲ್ಲೆ, ಲೈಂಗಿಕ ಕಿರುಕುಳ ಇವುಗಳನ್ನು ಬೇರೆಬೇರೆಯಾಗಿ ನೋಡತಕ್ಕದ್ದು. 2022ರಲ್ಲಿ ಮಹಿಳೆಯರ ವಿರುದ್ಧ ನಡೆದ ಅಪರಾಧಗಳಲ್ಲಿ ಶೇಕಡಾ 31ಕ್ಕೂ ಹೆಚ್ಚಿನವು ಪತಿ ಅಥವಾ ಆತನ ಬಂಧುಗಳ ಕ್ರೌರ್ಯಕ್ಕೆ ಸಂಬಂಧಿಸಿದವು. ಇವು ಅತ್ಯಂತ ಗಂಭೀರವಾದುವೇ ಆದರೂ ಬೀದಿಯ ದೀಪ, ಗಸ್ತುಗಳ ಸ್ಥಿತಿಯನ್ನು ಸೂಚಿಸುವುದಿಲ್ಲ. ಸೈಬರ್ ವಂಚನೆಗೂ ಬಡಾವಣೆಗೂ ಸಂಬಂಧ ಅಲ್ಪ.

ದಾಖಲಾಗದ ಅಪರಾಧ

ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಠಾಣೆಯನ್ನೇ ತಲುಪದ ಅಪರಾಧಗಳು. 2017ರಲ್ಲಿ ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ದೆಹಲಿ, ಮುಂಬಯಿ, ಚೆನ್ನೈ ಮತ್ತು ಬೆಂಗಳೂರು ನಗರಗಳ ಮನೆಮನೆ ಸಮೀಕ್ಷೆಯು, ಕಳವಿಗೆ ಗುರಿಯಾದವರಲ್ಲಿ ಅತ್ಯಲ್ಪ ಮಂದಿಯ ಎಫ್‌ಐಆರ್ ಮಾತ್ರ ದಾಖಲಾಗಿರುವುದನ್ನು ತೋರಿಸಿತು.

ಇದರ ಪರಿಣಾಮ ಎಷ್ಟು ಘೋರವಾಗಬಹುದೆಂಬುದನ್ನು ಮಹಾಲಕ್ಷ್ಮಿ ಬಳಿಯ ಶಕ್ತಿ ಮಿಲ್ ಪ್ರಕರಣ ತೋರಿಸಿಕೊಟ್ಟಿತು. ಮುಚ್ಚಿಹೋಗಿದ್ದ ಆ ಗಿರಣಿಯ ಪಾಳು ಆವರಣದಲ್ಲಿ 2013ರ ಆಗಸ್ಟ್ 22ರಂದು ಛಾಯಾಚಿತ್ರ ಪತ್ರಕರ್ತೆಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅದಕ್ಕೆ ಮೂರು ವಾರಗಳ ಹಿಂದೆ, ಜುಲೈ 31ರಂದು, ಅದೇ ಸ್ಥಳದಲ್ಲಿ ಇನ್ನೊಬ್ಬ ಯುವತಿಯ ಮೇಲೆ ಇಂಥದೇ ದೌರ್ಜನ್ಯ ನಡೆದಿದ್ದುದು ಬೆಳಕಿಗೆ ಬಂದದ್ದು ಆ ಬಳಿಕವೇ. ಎರಡೂ ಪ್ರಕರಣಗಳಲ್ಲಿ 2014ರ ಮಾರ್ಚ್-ಏಪ್ರಿಲ್‌ನಲ್ಲಿ ಶಿಕ್ಷೆ ಘೋಷಣೆಯಾಯಿತು. ಜುಲೈ ಘಟನೆ ಆ ಮೂರು ವಾರಗಳ ಕಾಲ ಯಾವ ಅಂಕಿಯಲ್ಲಿಯೂ ಇರಲಿಲ್ಲ. ಸುತ್ತಲಿನ ಲೋವರ್ ಪರೇಲ್ ಅಂದಿಗಾಗಲೇ ಕಚೇರಿ, ಮಳಿಗೆಗಳ ಪ್ರತಿಷ್ಠಿತ ಪ್ರದೇಶವಾಗಿತ್ತು. ಮೌನಕ್ಕೆ ಸಂತ್ರಸ್ತರನ್ನು ಹೊಣೆಯಾಗಿಸುವುದು ಸಲ್ಲದು. ಅವರು ನಿರ್ಭೀತಿಯಿಂದ ದೂರು ನೀಡಬಲ್ಲ ವಾತಾವರಣವನ್ನು ನಿರ್ಮಿಸುವುದು ಸಮಾಜದ ಹಾಗೂ ಆಡಳಿತದ ಹೊಣೆ. ಕಡಿಮೆ ಅಂಕಿಯು ಸುರಕ್ಷತೆಯ ಪ್ರಮಾಣಪತ್ರವಲ್ಲ. ದೂರುಗಳನ್ನು ತಪ್ಪದೆ ದಾಖಲಿಸಿಕೊಳ್ಳುವ ಠಾಣೆಯ ಅಂಕಿ ಹೆಚ್ಚಾಗಿ ಕಾಣುವುದು ಸಹಜ.

ನಾಗರಿಕರು ಗಮನಿಸಬೇಕಾದ ಅಂಶಗಳು

ಒಂದೇ ವರ್ಷದ ಅಂಕಿಯನ್ನು ನಂಬದೆ ಮೂರು-ನಾಲ್ಕು ವರ್ಷಗಳ ಏರಿಳಿತವನ್ನು ಪರಿಶೀಲಿಸಬೇಕು. ನಿಲ್ದಾಣದಿಂದ ಮನೆಯವರೆಗಿನ ದಾರಿಯನ್ನು ಹಗಲಿನಲ್ಲೂ ರಾತ್ರಿ ಕೊನೆಯ ಪಾಳಿ ಮುಗಿಯುವ ಹೊತ್ತಿನಲ್ಲೂ ನಡೆದು ನೋಡುವುದು ಒಳಿತು. ಅಲ್ಲಿನ ಮಹಿಳೆಯರನ್ನೂ ವೃದ್ಧರನ್ನೂ ವಿಚಾರಿಸಿದಲ್ಲಿ ಅಂಕಿಗಳು ಹೇಳದ ಸಂಗತಿಗಳು ತಿಳಿದುಬರುತ್ತವೆ.

ಅಪರಾಧಕ್ಕೆ ಗುರಿಯಾದವರು ದೂರು ದಾಖಲಿಸಲು ಹಿಂಜರಿಯಬಾರದು. ಸಂಜ್ಞೇಯ ಅಪರಾಧದ ಮಾಹಿತಿ ದೊರೆತಾಗ ಎಫ್‌ಐಆರ್ ದಾಖಲಿಸುವುದು ಪೊಲೀಸರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿ ತೀರ್ಪಿತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ನೀಡಿದಲ್ಲಿ ಮೂರು ದಿನಗಳೊಳಗೆ ಸಹಿ ಮಾಡಬೇಕು. ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕಿದೆ. ತುರ್ತು ಸಂದರ್ಭದಲ್ಲಿ 112, ಸೈಬರ್ ವಂಚನೆಗೆ 1930 ಸಂಖ್ಯೆಗೆ ಕರೆ ಮಾಡಬಹುದು.

ದಾಖಲಾಗುವ ಪ್ರತಿಯೊಂದು ದೂರೂ ಮುಂದೆ ಅದೇ ದಾರಿಯಲ್ಲಿ ನಡೆಯುವವರಿಗೆ ನೀಡುವ ಎಚ್ಚರಿಕೆಯಾಗಿರುತ್ತದೆ. ಗಸ್ತು, ಬೀದಿದೀಪ, ಸಿಬ್ಬಂದಿ ಇವು ಎಲ್ಲಿ ಬೇಕೆಂಬುದನ್ನು ಆಡಳಿತ ನಿರ್ಧರಿಸುವಾಗಲೂ ಇದೇ ದಾಖಲೆ ನೆರವಿಗೆ ಬರುತ್ತದೆ.