ಪೆಟ್ರೋಲಿನ ಧಾರಣೆಯೂ ಪ್ರಾಂತಭೇದವೂ

ದೇಶವೊಂದೇ, ನಾಣ್ಯವೊಂದೇ, ಆದರೂ ಪೆಟ್ರೋಲು ಡೀಸೆಲುಗಳ ಧಾರಣೆ ಊರಿಂದೂರಿಗೆ ಬೇರೆಯಾಗುವುದೇಕೆಂಬ ಪ್ರಶ್ನೆ ವಾಹನವುಳ್ಳವರೆಲ್ಲರ ಬಾಯಲ್ಲಿಯೂ ಉಂಟು. ವಾಹನವಿಲ್ಲದವರು ಇದು ತಮಗೆ ಸಂಬಂಧಿಸಿದುದಲ್ಲವೆಂದು ಸುಮ್ಮನಿರುವರು. ಅದು ಸರಿಯಲ್ಲ. ಸಂತೆಗೆ ಬರುವ ತರಕಾರಿಯೂ ಅಂಗಡಿಗೆ ಬರುವ ಅಕ್ಕಿಬೇಳೆಯೂ ಲಾರಿಯಲ್ಲಿ ಬರುವುವು; ಲಾರಿ ಡೀಸೆಲಿನಿಂದ ಓಡುವುದು. ಆದಕಾರಣ ಇದು ಅಡಿಗೆಮನೆಯ ವಿಚಾರವೂ ಹೌದು. ನಮ್ಮ ವಾಚಕರ ಮುಂದೆ ಇದನ್ನು ಸ್ವಲ್ಪ ಬಿಡಿಸಿ ಇಡಲು ಬಯಸುತ್ತೇವೆ.

ದೂರವೇ ಈ ಭೇದಕ್ಕೆ ಕಾರಣವೆಂಬುದು ಸಾಮಾನ್ಯರ ಊಹೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಮಂಗಳೂರಿನಲ್ಲಿ ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಯುಂಟು. ಅಲ್ಲಿಂದ ಹಾಸನದ ಮಾರ್ಗವಾಗಿ ಬೆಂಗಳೂರಿನ ಬಳಿಯ ದೇವನಗೊಂದಿಯವರೆಗೆ ನೆಲದೊಳಗಿನ ಕೊಳವೆಯಲ್ಲಿ ಎಣ್ಣೆ ಹರಿದುಬರುವುದು. ಕೊಳವೆಯ ಸಾಗಣೆ ಅಗ್ಗ. ಟ್ಯಾಂಕರ್ ಲಾರಿಯ ಸಾಗಣೆ ದುಬಾರಿ. ಹೀಗಾಗಿ ಕರ್ನಾಟಕದಲ್ಲೆಲ್ಲ ತೆರಿಗೆಯ ದರ ಒಂದೇ ಆದರೂ 2025ರಲ್ಲಿ ಮಂಗಳೂರಿಗಿಂತ ಬಳ್ಳಾರಿಯಲ್ಲಿ ಪೆಟ್ರೋಲಿಗೆ ಒಂದೆರಡು ರೂಪಾಯಿ ಹೆಚ್ಚಾಗಿತ್ತು. ರಾಜಸ್ಥಾನದ ಉತ್ತರ ಮೂಲೆಯಲ್ಲಿರುವ ಶ್ರೀಗಂಗಾನಗರದಲ್ಲಿ 2021ರ ಫೆಬ್ರವರಿಯಲ್ಲಿಯೇ ಸಾಮಾನ್ಯ ಪೆಟ್ರೋಲಿನ ಧಾರಣೆ 100 ರೂಪಾಯಿಯನ್ನು ದಾಟಿದುದಕ್ಕೂ ಆ ರಾಜ್ಯದ ತೆರಿಗೆಯೊಡನೆ ಈ ಸಾಗಣೆಯೂ ಒಂದು ಕಾರಣ.

ಆದರೆ ದೂರವೇ ಸರ್ವಸ್ವವಾಗಿದ್ದರೆ ಅಂಡಮಾನ್ ದ್ವೀಪಗಳಲ್ಲಿ ಪೆಟ್ರೋಲು ಎಲ್ಲಕ್ಕಿಂತ ದುಬಾರಿಯಾಗಿರಬೇಕಾಗಿತ್ತು. ಅಲ್ಲಿ ಶುದ್ಧೀಕರಣದ ಕಾರ್ಖಾನೆಯಿಲ್ಲ; ಪ್ರತಿಯೊಂದು ಹನಿಯೂ ಕಡಲನ್ನು ದಾಟಿ ಹಡಗಿನಲ್ಲಿ ಬರಬೇಕು. ಹೀಗಿದ್ದರೂ 2025ರಲ್ಲಿ ದೆಹಲಿಯಲ್ಲಿ ಲೀಟರಿಗೆ ಸುಮಾರು 95, ಬೆಂಗಳೂರಿನಲ್ಲಿ ಸುಮಾರು 103, ಹೈದರಾಬಾದಿನಲ್ಲಿ 107 ರೂಪಾಯಿಗೂ ಮೇಲೆ ಇದ್ದಾಗ, ಅಂಡಮಾನಿನಲ್ಲಿ ಸುಮಾರು 82 ರೂಪಾಯಿ ಮಾತ್ರ ಇದ್ದಿತು! ಈ ವಿಪರ್ಯಾಸಕ್ಕೆ ಕಾರಣವೇನು? ಅಲ್ಲಿಯ ಮಾರಾಟ ತೆರಿಗೆ ನೂರಕ್ಕೆ ಒಂದು. ತೆಲಂಗಾಣದಲ್ಲಿ ನೂರಕ್ಕೆ 35ಕ್ಕೂ ಹೆಚ್ಚು. ಕಡಲಿಗಿಂತ ಗಡಿಯೇ ದೊಡ್ಡದೆಂಬುದು ಇದರಿಂದ ಸ್ಪಷ್ಟವಾಗುವುದು.

ಪಂಪಿನಲ್ಲಿ ನಾವು ಕೊಡುವ ಹಣದಲ್ಲಿ ನಾಲ್ಕು ಪಾಲುಗಳುಂಟು. ಮೊದಲನೆಯದು ಎಣ್ಣೆಯ ಮೂಲಬೆಲೆ ಮತ್ತು ಸಾಗಣೆ. ಎರಡನೆಯದು ಕೇಂದ್ರ ಸರಕಾರದ ಅಬಕಾರಿ ಸುಂಕ. ಮೂರನೆಯದು ಬಂಕಿನವರ ಕಮಿಷನ್. ನಾಲ್ಕನೆಯದು ರಾಜ್ಯದ ಮಾರಾಟ ತೆರಿಗೆ. ಕೇಂದ್ರದ ಸುಂಕ ಲೀಟರಿಗೆ ಇಂತಿಷ್ಟೆಂದು ದೇಶಕ್ಕೆಲ್ಲ ಸಮನಾದುದು. ರಾಜ್ಯದ ತೆರಿಗೆಯಾದರೋ ಬಹುಮಟ್ಟಿಗೆ ಶೇಕಡಾವಾರು ಲೆಕ್ಕದ್ದು. ಮೇಲಿನ ಮೂರು ಪಾಲುಗಳ ಮೊತ್ತದ ಮೇಲೆ ಬೀಳತಕ್ಕದ್ದು.

ದೃಷ್ಟಾಂತಕ್ಕಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಮೂಲಬೆಲೆ ಸಾಗಣೆ ಸೇರಿ 56, ಸುಂಕ 20, ಕಮಿಷನ್ 4. ಒಟ್ಟು 80 ರೂಪಾಯಿ. ಶೇಕಡಾ 20ರ ರಾಜ್ಯದಲ್ಲಿ ಇದು 96 ಆಗುವುದು. ಶೇಕಡಾ 30ರ ರಾಜ್ಯದಲ್ಲಿ 104. ಎಣ್ಣೆಯೂ ಸಾಗಣೆಯೂ ಒಂದೇ ಆಗಿದ್ದರೂ ಎಂಟು ರೂಪಾಯಿಯ ಅಂತರ ಹುಟ್ಟಿತು. ಇಷ್ಟೇ ಅಲ್ಲ, ಎರಡನೆಯ ರಾಜ್ಯದವನು 20 ರೂಪಾಯಿಯ ಸುಂಕದ ಮೇಲೆಯೇ ಮತ್ತೆ 6 ರೂಪಾಯಿ ತೆರಿಗೆಯನ್ನು ತೆರುವನು. ಇನ್ನು ಹೊರದೇಶದಲ್ಲಿ ಕಚ್ಚಾ ಎಣ್ಣೆ ಏರಿ ಮೂಲಬೆಲೆ ಹತ್ತು ರೂಪಾಯಿ ಹೆಚ್ಚಿತೆನ್ನಿ. ವಿಧಾನಸಭೆಯಲ್ಲಿ ಒಬ್ಬರೂ ಬಾಯಿ ತೆರೆಯದೆಯೇ ರಾಜ್ಯದ ಬೊಕ್ಕಸಕ್ಕೆ ಲೀಟರಿಗೆ 3 ರೂಪಾಯಿ ಅಧಿಕವಾಗಿ ಸೇರುವುದು. ಪ್ರಜೆಯ ಕಷ್ಟ ಹೆಚ್ಚಿದಂತೆ ತೆರಿಗೆಯೂ ತಾನಾಗಿ ಹೆಚ್ಚುವ ಈ ಏರ್ಪಾಡೇ ನಮಗೆ ಮುಖ್ಯವಾದ ದೋಷವೆಂದು ತೋರುತ್ತದೆ.

ಹಾಗೆಂದು ರಾಜ್ಯಗಳನ್ನು ಮಾತ್ರ ನಿಂದಿಸುವುದು ನ್ಯಾಯವಲ್ಲ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ರಾಜ್ಯಗಳು ಸ್ವತಂತ್ರವಾಗಿ ದರ ಗೊತ್ತುಮಾಡಬಹುದಾದ ಬಾಬುಗಳು ಕೆಲವೇ ಉಳಿದಿವೆ. ಅವುಗಳಲ್ಲಿ ಪೆಟ್ರೋಲು, ಡೀಸೆಲು, ಮದ್ಯಗಳು ಮುಖ್ಯವಾದುವು. ಕೇಂದ್ರವು ಸುಂಕದ ಬಹುಭಾಗವನ್ನು ಸೆಸ್ಸಿನ ರೂಪದಲ್ಲಿ ಎತ್ತಿದಾಗ, ಸಂವಿಧಾನದ 270ನೆಯ ಅನುಚ್ಛೇದದಂತೆ ಅದರಲ್ಲಿ ರಾಜ್ಯಗಳಿಗೆ ಪಾಲಿಲ್ಲ. ಶಾಲೆ, ಆಸ್ಪತ್ರೆ, ರಸ್ತೆಗಳ ವೆಚ್ಚಕ್ಕೆ ಅವು ಎಲ್ಲಿಗೆ ಹೋಗಬೇಕು? ಕರ್ನಾಟಕವು 2021ರ ನವೆಂಬರಿನಲ್ಲಿ ಲೀಟರಿಗೆ 7 ರೂಪಾಯಿ ಇಳಿಸಿತು. 2024ರ ಜೂನ್ 15ರಂದು ಪೆಟ್ರೋಲಿನ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೂ, ಡೀಸೆಲಿನದನ್ನು 14.34ರಿಂದ 18.44ಕ್ಕೂ ಏರಿಸಿತು, 2025ರ ಏಪ್ರಿಲಿನಲ್ಲಿ ಡೀಸೆಲಿನದು 21.17 ಆಯಿತು. ಆಗಲೂ ನೆರೆಯ ಆಂಧ್ರ, ಕೇರಳಗಳಿಗಿಂತ ನಮ್ಮಲ್ಲಿ ಡೀಸೆಲು ಅಗ್ಗವಾಗಿಯೇ ಇದ್ದಿತು. ಹೀಗೆ ದರದಲ್ಲಿ ವ್ಯತ್ಯಾಸವಿರುವಷ್ಟು ಕಾಲ ಲಾರಿಯವರು ಗಡಿಯ ಈಚೆಗೋ ಆಚೆಗೋ ನಿಂತು ಟ್ಯಾಂಕು ತುಂಬಿಸಿಕೊಳ್ಳುವುದು ತಪ್ಪದು. ಅತಿಯಾಗಿ ಏರಿಸಿದ ರಾಜ್ಯ ವ್ಯಾಪಾರವನ್ನೇ ಕಳೆದುಕೊಳ್ಳುವುದು.

ಅಡಿಗೆ ಅನಿಲದ ಕತೆ ಬೇರೆ. ಗೃಹಬಳಕೆಯ ಸಿಲಿಂಡರಿನ ಮೇಲೆ 2017ರಿಂದ ದೇಶಕ್ಕೆಲ್ಲ ಒಂದೇ ತೆರಿಗೆ, ಶೇಕಡಾ 5. ಆದುದರಿಂದ ಅಲ್ಲಿಯ ಅಂತರ ಮುಖ್ಯವಾಗಿ ಸಾಗಣೆಯದು. ಪೆಟ್ರೋಲಿಗೂ ಹೀಗೆಯೇ ಏಕೆ ಮಾಡಬಾರದು? 2021ರ ಸೆಪ್ಟೆಂಬರ್ 17ರಂದು ಲಕ್ಷ್ಮಣಪುರಿಯಲ್ಲಿ, ಎಂದರೆ ಲಖನೌ ನಗರದಲ್ಲಿ, ಸೇರಿದ ತೆರಿಗೆ ಮಂಡಲಿಯಲ್ಲಿ ಈ ಪ್ರಶ್ನೆ ಬಂದಿತು. ಅದಕ್ಕೆ ಇದು ಕಾಲವಲ್ಲವೆಂದು ನಿರ್ಣಯವಾಯಿತು. ಕೇಂದ್ರಕ್ಕೂ ರಾಜ್ಯಗಳಿಗೂ ಈ ಆದಾಯ ಬಿಡಲಾರದಷ್ಟು ದೊಡ್ಡದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನೆಂಬ ಅಧಿಕಾರಿಯುಂಟು. ಅವನು ಪುರದ ಮಹಾದ್ವಾರದ ಬಳಿಯಲ್ಲಿ ಶುಲ್ಕಶಾಲೆಯನ್ನೂ ಅದರ ಧ್ವಜವನ್ನೂ ನಿಲ್ಲಿಸತಕ್ಕವನು. ಅಲ್ಲಿ ಸುಂಕ ತೆರುವವನಿಗೆ ತಾನು ತೆರುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಈಗಿನ ಶುಲ್ಕಶಾಲೆಗೆ ಧ್ವಜವಿಲ್ಲ. ಅದು ಪಂಪಿನ ಅಂಕಿಯೊಳಗೆ ಅಡಗಿಕೊಂಡಿದೆ. ಕಾರಿನ ಯಜಮಾನನೂ, ಬೆಳಗ್ಗೆ ಸೊಪ್ಪು ಮಾರಲು ಬರುವ ಮುದುಕಿಯೂ ಅದನ್ನು ತೆರುತ್ತಿರುವರು; ಮುದುಕಿಗೆ ಮಾತ್ರ ತಾನು ತೆರುತ್ತಿರುವೆನೆಂಬುದೇ ತಿಳಿಯದು.

ಆದಕಾರಣ ಎಣ್ಣೆ ಅಗ್ಗವಾಗಲಿ ಎಂದಷ್ಟೇ ಕೂಗಿ ಫಲವಿಲ್ಲ. ನಾವು ಕೇಳತಕ್ಕುದು ಎರಡೇ. ಬಂಕಿನ ರಸೀದಿಯಲ್ಲಿ ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು ಎಂದು ಬೇರೆಬೇರೆಯಾಗಿ ಮುದ್ರಿಸಲಿ. ಶೇಕಡಾವಾರನ್ನು ಬಿಟ್ಟು ರಾಜ್ಯವೂ ಲೀಟರಿಗೆ ಇಂತಿಷ್ಟೆಂದು ಗೊತ್ತುಮಾಡಲಿ. ಹೆಚ್ಚಿಸಬೇಕಾದಾಗ ಸಭೆಯಲ್ಲಿ ಕಾರಣ ಹೇಳಿ ಹೆಚ್ಚಿಸಲಿ. ಲೆಕ್ಕ ತಿಳಿದು ಕೊಡುವ ತೆರಿಗೆ ಭಾರವಾದರೂ ಅನ್ಯಾಯವೆನಿಸದು. ಮನೆಯ ಖರ್ಚನ್ನು ಪೈಸೆ ಪೈಸೆಯಾಗಿ ಬರೆದಿಡುವ ನಮ್ಮ ಗೃಹಿಣಿಯರು, ಮತ ಕೇಳಲು ಬಂದವರನ್ನು ಈ ಲೆಕ್ಕವನ್ನೂ ಒಮ್ಮೆ ಕೇಳಲಿ.