ರಾತ್ರಿ ಇಟ್ಟ ಹೂವು ಬೆಳಿಗ್ಗೆ ಅಲ್ಲಿರಲಿಲ್ಲ!

"ಅಪ್ಪಾ, ಹೂವಿಲ್ಲ!"

ಬೆಳಗಿನ ಆರೂವರೆ. ಮಗಳು ಹಾಲ್‌ನಿಂದ ಕೂಗಿದಳು. ಎದ್ದುಬಿದ್ದು ಓಡಿದೆ. ನಿಜ! ಹಿಂದಿನ ರಾತ್ರಿ ಅಕ್ವೇರಿಯಂನ ಎಡಗಡೆ ಬಂಡೆಯ ಮೇಲೆ ನಾನೇ ಕೈಯಾರೆ ಕೂರಿಸಿದ್ದ ಅನಿಮೋನ್ ಅಲ್ಲಿರಲಿಲ್ಲ. ಇಬ್ಬರೂ ಗಾಜಿಗೆ ಮೂಗು ಒತ್ತಿ ಹುಡುಕಿದೆವು. ಮೀನು ತಿಂದಿತೇ? ಪಂಪು ನುಂಗಿತೇ? ಕರಗಿಯೇ ಹೋಯಿತೇ?

ಊಹಿಸಿ ನೋಡೋಣ!

ನಡೆದುಕೊಂಡು ಹೋಗಿತ್ತು! ಹೌದು, ನಡೆದುಕೊಂಡು! ಬಂಡೆಯ ಹಿಂಬದಿಯಿಂದ ಇಳಿದು, ಪಕ್ಕದ ಬಂಡೆ ಹತ್ತಿ, ಅದರ ಸೀಳೊಂದರಲ್ಲಿ ಕಾಲೂರಿ, ಏನೂ ಆಗೇ ಇಲ್ಲವೆಂಬಂತೆ ಅರಳಿ ನಿಂತಿತ್ತು. ಎಷ್ಟು ಕಾಲು ಅಂತೀರಿ? ಒಂದೇ! ಬುಡದಲ್ಲಿರುವ ಬಿಲ್ಲೆಯಂಥ ಒಂದು ಪಾದ. ಅದನ್ನೇ ಸ್ವಲ್ಪಸ್ವಲ್ಪವಾಗಿ ಸರಿಸುತ್ತ ಕತ್ತಲಲ್ಲಿ ಇಡೀ ಪಯಣ ಮುಗಿಸಿತ್ತು.

ಕಡಲಹೂವು ಎಂದು ಕರೆಯುತ್ತೇವೆ, ಆದರೆ ಇದು ಹೂವಲ್ಲ. ಪ್ರಾಣಿ! ಕಣ್ಣಿಲ್ಲ, ಮೂಳೆಯಿಲ್ಲ, ರಕ್ತವಿಲ್ಲ, ಮಿದುಳೂ ಇಲ್ಲ. ಮೈತುಂಬ ಬಲೆಯಂತೆ ಹರಡಿದ ನರಗಳಷ್ಟೇ. ಬಾಯಿ ಒಂದೇ. ಉಣ್ಣುವುದೂ ಅಲ್ಲಿಂದ, ಹೊರಹಾಕುವುದೂ ಅಲ್ಲಿಂದ! ಇಂಥದ್ದು ನಾನು ಎರಡು ದಿನ ಲೆಕ್ಕ ಹಾಕಿ ಆರಿಸಿದ್ದ ಜಾಗವನ್ನು ಒಂದೇ ರಾತ್ರಿಯಲ್ಲಿ ತಿರಸ್ಕರಿಸಿತ್ತು.

ನಮ್ಮ ಮನೆಗೆ ಬಂದದ್ದು 'ಬಬಲ್ ಟಿಪ್' ಜಾತಿಯದು. ಬಾಯಿಯ ಸುತ್ತಲಿನ ಒಂದೊಂದು ಎಳೆಯ ತುದಿಯಲ್ಲೂ ಗೋಲಿಯಂತೆ ಉಬ್ಬು. ಕಡಲಿನಿಂದ ಕಿತ್ತು ತಂದದ್ದಲ್ಲ. ಗೆಳೆಯನ ಟ್ಯಾಂಕಿನಲ್ಲಿ ಒಂದಿತ್ತು. ಒಂದು ದಿನ ಅದು ಮೈ ಎಳೆದುಕೊಂಡು, ನಡುವೆ ಸೀಳಿಕೊಂಡು, ಎರಡಾಯಿತು! ಹರಿದ ಅಂಚು ಮಾಯ್ದು ಎರಡೂ ದುಂಡಗಾದವು. ತಾಯಿ ಯಾವುದು, ಮಗು ಯಾವುದು? ಹೇಳಲಾರಿರಿ! ಎರಡೂ ಅದೇ! ಅದರ ಒಂದು ಪಾಲು ನಮಗೆ ಬಂತು.

ಬರುವ ಮೊದಲು ಟ್ಯಾಂಕ್ ಅದಕ್ಕಾಗಿ ಎಷ್ಟು ದಿನ ಕಾದಿತ್ತು ಗೊತ್ತೇ? ಎಂಟು ತಿಂಗಳು! ಆರು ತಿಂಗಳಾದರೂ ಹಳತಾಗದ ಟ್ಯಾಂಕಿಗೆ ಅನಿಮೋನ್ ಬಿಡಬಾರದು. ಅಮೋನಿಯಾ ಸೊನ್ನೆ ಇರಬೇಕು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25–26 ಡಿಗ್ರಿ ಶಾಖ, ಏರುಪೇರು ಕೂಡದು. ಬೋರ್‌ವೆಲ್ ನೀರು ಬೇಡ, ನಲ್ಲಿ ನೀರೂ ಬೇಡ. ಆರ್‌ಓ ನೀರಿಗೆ ಸಮುದ್ರದ ಉಪ್ಪು ಬೆರೆಸಬೇಕು. ಮೀನಿನ ಕಾಯಿಲೆಗೆಂದು ಹಿಂದೆಂದೋ ತಾಮ್ರದ ಔಷಧಿ ಹಾಕಿದ ಟ್ಯಾಂಕಾದರೆ ಆಸೆಯನ್ನೇ ಬಿಡಿ. ತಾಮ್ರ ಇದಕ್ಕೆ ವಿಷ!

ತಂದ ದಿನ ಚೀಲದಿಂದ ನೇರ ಟ್ಯಾಂಕಿಗೆ ಸುರಿಯಲಿಲ್ಲ. ಬಕೆಟ್‌ನಲ್ಲಿಟ್ಟು, ಸಣ್ಣ ಕೊಳವೆಯಿಂದ ನಮ್ಮ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಟ್ಟೆವು. ಆಸ್ಪತ್ರೆಯ ಡ್ರಿಪ್ ಇದ್ದ ಹಾಗೆ! ಒಂದು ಗಂಟೆ. ಮಗಳು ಹನಿ ಎಣಿಸುತ್ತ ಪಕ್ಕದಲ್ಲೇ ಕೂತಿದ್ದಳು.

ಸರಿ, ಅದು ಹುಡುಕಿದ್ದು ಎಂಥ ಜಾಗ? ಪಾದಕ್ಕೆ ಕತ್ತಲು, ತಲೆಗೆ ಬೆಳಕು! ಬುಡ ಸೀಳಿನೊಳಗೆ ಭದ್ರವಾಗಿರಬೇಕು, ಎಳೆಗಳು ದೀಪದ ಕೆಳಗೆ ಹರಡಬೇಕು, ನೀರು ಮೆಲ್ಲಗೆ ತೂಗಬೇಕು. ಪ್ರಾಣಿಗೆ ಬೆಳಕಿನ ಹಂಬಲ ಯಾಕೆ?

ಅದರ ಮೈಯೊಳಗೆ ತೋಟವಿದೆ! ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಲಕ್ಷಗಟ್ಟಲೆ ಅದರ ಜೀವಕೋಶಗಳ ಒಳಗೇ ಬೀಡುಬಿಟ್ಟಿವೆ. ಬೆಳಕು ಕುಡಿದು ಸಕ್ಕರೆ ಮಾಡಿ ಮನೆಯೊಡತಿಗೆ ಬಡಿಸುತ್ತವೆ. ಅದರ ಕಂದು ಬಣ್ಣ ಈ ಅಡುಗೆಯವರದೇ! ಅದಕ್ಕೇ ಹೇಳುತ್ತೇನೆ, ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿನ ಅನಿಮೋನ್ ಕಂಡರೆ ಮರುಳಾಗಬೇಡಿ. ಅದು ಚೆಲುವಲ್ಲ, ಹಸಿವು. ಪಾಚಿ ಕಳೆದುಕೊಂಡು ಸೊರಗುತ್ತಿರುವ ಜೀವ.

ಈಗ ಒಂದು ಪ್ರಶ್ನೆ. ಎಳೆಯ ತುದಿಗೆ ಬೆರಳು ತಾಗಿಸಿದರೆ ಅಂಟಂಟು ಅನ್ನಿಸುತ್ತದೆ. ಏನದು? ಗೋಂದೇ?

ಅಲ್ಲ! ಅದು ನಿಮ್ಮ ಮೇಲೆ ನಡೆದ ದಾಳಿ! ಬಾಣದಂಥ ಸೂಕ್ಷ್ಮ ಮುಳ್ಳುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಚಿಮ್ಮಿ ಬೆರಳಿಗೆ ನಾಟಿವೆ. ಬೆರಳ ತುದಿಯ ಚರ್ಮ ದಪ್ಪ, ಹಾಗಾಗಿ ಅಂಟಿನಂತೆ ತೋರುತ್ತದೆ, ಅಷ್ಟೇ. ಆ ಕೈಯಲ್ಲಿ ಕಣ್ಣು ಮಾತ್ರ ಉಜ್ಜಿಕೊಳ್ಳಬೇಡಿ! ಗ್ಲೌಸ್ ಹಾಕಿಕೊಳ್ಳುವುದು ಕ್ಷೇಮ.

ಬಾಣದ ವೇಗ ಎಷ್ಟಿರಬಹುದು? ಹೈಸ್ಕೂಲಿನಲ್ಲಿ ನಾವೆಲ್ಲ ಚಿತ್ರ ಬರೆದ ಹೈಡ್ರಾ ನೆನಪಿದೆಯೇ? ಅದು ಇದರ ನೆಂಟ, ಆಯುಧವೂ ಇದೇ ಬಗೆಯದು. 2006ರಲ್ಲಿ ಜರ್ಮನಿಯ ವಿಜ್ಞಾನಿಗಳು ಹೈಡ್ರಾದ ಬಾಣ ಚಿಮ್ಮುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದರು. ಬೇಕಾದ ಸಮಯ 700 ನ್ಯಾನೋಸೆಕೆಂಡ್! ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿ, ಅದರಲ್ಲಿ ಒಂದು ಚೂರೂ ಪೂರ್ತಿ ಬೇಡ! ವೇಗವರ್ಧನೆ ಭೂಮಿಯ ಗುರುತ್ವದ 50 ಲಕ್ಷ ಪಟ್ಟಿಗೂ ಮೇಲೆ. ನನ್ನ ಹಾಲ್‌ನಲ್ಲಿ, ಟಿವಿಯ ಪಕ್ಕದಲ್ಲಿ, ಇಂಥ ಬತ್ತಳಿಕೆ!

ಇಂಥದ್ದರ ಮಡಿಲಲ್ಲಿ ಮಲಗುವ ಧೈರ್ಯ ಯಾರಿಗಿದೆ?

ನಮ್ಮ ಟೊಮ್ಯಾಟೊ ಕ್ಲೌನ್ ಮೀನುಗಳಿಗೆ! ಮೂರನೆಯ ದಿನ ದೊಡ್ಡದು ಬಂತು. ಬಾಲ ತಾಗಿಸಿತು, ಹಾರಿ ಹಿಂದೆ ಸರಿಯಿತು. ಹೊಟ್ಟೆ ತಾಗಿಸಿತು. ಮತ್ತೆ ಬಂತು, ಮತ್ತೆ ಮತ್ತೆ. ಸಂಜೆಯ ಹೊತ್ತಿಗೆ ಎಳೆಗಳ ನಡುವೆ ಹೊರಳಾಡುತ್ತಿತ್ತು! ಅದರ ಮೈಯ ಲೋಳೆಯೇ ಕವಚ. ಅನಿಮೋನ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಬಗೆ, ಕ್ಲೌನ್ ಮೀನುಗಳು ಮನೆ ಮಾಡುವುದು ಸುಮಾರು ಹತ್ತರಲ್ಲಿ ಮಾತ್ರ. ಬಾಡಿಗೆಯೂ ಸಲ್ಲುತ್ತದೆ. ಮೀನಿನ ಮಲಮೂತ್ರ ಒಳಗಿನ ಪಾಚಿತೋಟಕ್ಕೆ ಗೊಬ್ಬರ! ರಾತ್ರಿ ದೀಪ ಆರಿದ ಮೇಲೆ ಟಾರ್ಚ್ ಹಿಡಿದು ನೋಡಿ. ಎಳೆಗಳ ನಡುವೆ ಮೀನು ರೆಕ್ಕೆ ಬಡಿಯುತ್ತ ಹೊರಳುತ್ತಿರುತ್ತದೆ, ಅನಿಮೋನ್‌ಗೆ ಆಮ್ಲಜನಕ ತುಂಬಿದ ಹೊಸ ನೀರು ಸಿಗುತ್ತಿರುತ್ತದೆ. ಬೀಸಣಿಗೆ ಸೇವೆ! ಅಂದಹಾಗೆ, ಆ ದೊಡ್ಡ ಮೀನು ಹೆಣ್ಣು. ಅದು ಸತ್ತರೆ? ಗಂಡೇ ಹೆಣ್ಣಾಗುತ್ತದೆ! ಅದರ ಕಥೆ ಹೇಳಹೊರಟರೆ ಇನ್ನೊಂದು ಲೇಖನವೇ ಬೇಕು.

ನಾಲ್ಕನೆಯ ರಾತ್ರಿ ಎದೆ ಧಸಕ್ಕೆಂದಿತು.

ಅನಿಮೋನ್ ಕುಸಿದಿತ್ತು! ಗಾಳಿ ಬಿಟ್ಟ ಬಲೂನು. ಊಟದ ತಟ್ಟೆಯಷ್ಟು ಅಗಲ ಅರಳಿದ್ದದ್ದು ನಿಂಬೆಹಣ್ಣಿನಷ್ಟಾಗಿತ್ತು. ಬಾಯಿಂದ ಕಂದು ದಾರದಂಥದ್ದು ಹೊರಬರುತ್ತಿತ್ತು. ಕೈ ಹಾಕಿಬಿಡೋಣವೇ? ಬೇರೆ ಬಂಡೆಗೆ ಸಾಗಿಸೋಣವೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಏನೂ ಮಾಡಬಾರದು! ಅದು ಹಳೆಯ ನೀರು, ಕಸ ಎಲ್ಲ ಹೊರಚೆಲ್ಲಿ ಮನೆ ತೊಳೆದುಕೊಳ್ಳುತ್ತಿತ್ತು. ನೋಡಬೇಕಾದದ್ದು ಬಾಯಿ. ಬಿಗಿಯಾಗಿ ಮುಚ್ಚಿದ್ದರೆ ನೆಮ್ಮದಿಯಾಗಿ ಮಲಗಿ. ದಿನಗಟ್ಟಲೆ ಬಾಯಿ ತೆರೆದೇ ಇದ್ದರೆ, ಮೈ ಲೋಳೆಲೋಳೆಯಾಗಿ ಕಿತ್ತುಬಂದು ನಾರಿದರೆ, ಅದು ಸತ್ತಿದೆ. ತಕ್ಷಣ ತೆಗೆಯಿರಿ, ಇಲ್ಲವಾದರೆ ಇಡೀ ಟ್ಯಾಂಕ್ ಕೆಡುತ್ತದೆ. ಆದರೆ ಅಂಟಿ ಕೂತ ಪಾದವನ್ನು ಎಂದೂ ಕೀಳಬೇಡಿ. ಹರಿದ ಪಾದಕ್ಕೆ ಸೋಂಕು ತಗುಲಿದರೆ ಉಳಿಯುವುದು ಕಷ್ಟ. ಅಲೆದಾಡುವಷ್ಟು ದಿನ ನಾವು ಮಾಡಬೇಕಾದ ಮುಖ್ಯ ಕೆಲಸ ಒಂದೇ, ಪಂಪುಗಳ ಬಾಯಿಗೆಲ್ಲ ಸ್ಪಂಜು ಕಟ್ಟುವುದು. ನಾನು ಅದನ್ನು ಮೊದಲೇ ಕಟ್ಟಿದ್ದೆ. ಕಟ್ಟದಿದ್ದರೆ ಆ ಮೊದಲ ರಾತ್ರಿಯ ನಡಿಗೆ ಪಂಪಿನ ರೆಕ್ಕೆಗಳಲ್ಲಿ ಮುಗಿಯುತ್ತಿತ್ತು!

ಬೆಳಿಗ್ಗೆ ನೋಡಿದರೆ ಮತ್ತೆ ತಟ್ಟೆಯಗಲ! ಗೋಲಿಗಳೆಲ್ಲ ಹೊಳೆಯುತ್ತಿದ್ದವು. ಜಾಗ ಬಿಟ್ಟು ಕದಲಲಿಲ್ಲ. ಹತ್ತನೆಯ ದಿನ ಬಟಾಣಿಯಷ್ಟು ಸಿಗಡಿ ಚೂರು ಇಟ್ಟೆವು. ಎಳೆಗಳು ಮುದುರಿದವು, ಚೂರು ಒಂದರಿಂದೊಂದಕ್ಕೆ ಕೈದಾಟಿ ಬಾಯಿ ಸೇರಿತು. ಮಗಳು ಚಪ್ಪಾಳೆ ತಟ್ಟಿದಳು!

ಕೊನೆಯ ಪ್ರಶ್ನೆ, ಇದೇ ನನ್ನನ್ನು ಬೆರಗಾಗಿಸಿದ್ದು. ಇಂಥ ಮೆದು ಜೀವ ಎಷ್ಟು ಕಾಲ ಬದುಕಬಹುದು? ಎರಡು ವರ್ಷ? ಐದು? ಹತ್ತು?

1828. ಸ್ಕಾಟ್ಲೆಂಡಿನ ನಾರ್ತ್ ಬೆರಿಕ್ ಕರಾವಳಿ. ಸರ್ ಜಾನ್ ಗ್ರಹಾಂ ಡಾಲಿಯೆಲ್ ಎಂಬ ನಿಸರ್ಗಪ್ರೇಮಿ ಒಂದು ಪುಟ್ಟ ಅನಿಮೋನ್ ತಂದು ಗಾಜಿನ ಜಾಡಿಯಲ್ಲಿಟ್ಟರು. ಜಾತಿ ಬೇರೆ, ತಣ್ಣೀರಿನದು. ಫಿಲ್ಟರ್ ಇಲ್ಲ, ಪಂಪಿಲ್ಲ. ನೀರು ಬದಲಿಸುವ ಕೈಗಳಷ್ಟೇ. 1851ರಲ್ಲಿ ಡಾಲಿಯೆಲ್ ತೀರಿಕೊಂಡರು. ಅನಿಮೋನ್ ಬದುಕಿತ್ತು! ಜಾಡಿ ಇನ್ನೊಬ್ಬರ ಕೈ ಸೇರಿತು, ಅವರಿಂದ ಮತ್ತೊಬ್ಬರಿಗೆ. ನೂರಾರು ಮರಿ ಹಾಕಿತು. ಜನ ಅದಕ್ಕೆ ಇಟ್ಟ ಹೆಸರು ಗ್ರ್ಯಾನಿ. ಅಂದರೆ ಅಜ್ಜಿ! ಅಜ್ಜಿ ಕಣ್ಮುಚ್ಚಿದ್ದು 1887ರಲ್ಲಿ. 'ಸ್ಕಾಟ್ಸ್‌ಮನ್' ಪತ್ರಿಕೆಯಲ್ಲಿ ನಿಧನವಾರ್ತೆ ಬಂತು!

ಲೆಕ್ಕ ಹಾಕಿದಿರಾ? ಜಾಡಿಯಲ್ಲೇ 59 ವರ್ಷ!

ಹಾಗಾಗಿ ನಿಮ್ಮಲ್ಲಿ ಎರಡು ಕೋರಿಕೆ. ಮುರ್ಡೇಶ್ವರ, ಕಾರವಾರಗಳ ಕಡೆ ಹೋದಾಗ, ಇಳಿತದ ಹೊತ್ತು ಬಂಡೆಗುಳಿಗಳಲ್ಲಿ ಅನಿಮೋನ್ ಕಂಡರೆ ಬಗ್ಗಿ ನೋಡಿ, ಕಣ್ತುಂಬಿಕೊಳ್ಳಿ, ಕೀಳಬೇಡಿ. ಯಾರದಾದರೂ ಟ್ಯಾಂಕಿನಲ್ಲಿ ಸೀಳಿ ಹುಟ್ಟಿದ ಪಾಲು ಸಿಕ್ಕರೆ, ಅದನ್ನು ಮನೆಗೆ ತರುವ ಮುನ್ನ ಮನೆಯ ಅತಿ ಕಿರಿಯರನ್ನು ಕೂರಿಸಿಕೊಂಡು, ನನ್ನ ನಂತರ ಇದನ್ನು ನೋಡಿಕೊಳ್ಳುತ್ತೀಯಾ ಎಂದು ಕೇಳಿ. ನಾನು ಕೇಳಿದೆ. ಮಗಳು ಒಪ್ಪಿದ್ದಾಳೆ.